ತಿರಪಾಲಿನ ಕೆಳಗೆ ಒಂದು ರಾತ್ರಿ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ "ವ್ಯಕ್ತಿತ್ವ ವಿಕಸನದ ಬಗ್ಗೆ ನಾಲ್ಕು ಮಾತಾಡಿ" ಎಂದಿದ್ದರು. ಆ ವಿಷಯದ ಮೇಲೆ ನೀವು ಸಾಕಷ್ಟು ಭಾಷಣ ಕೇಳಿದ್ದೀರಿ ಎಂಬುದು ಹಿಂದಿನ ಸಾಲಿನಲ್ಲಿ ಕುಳಿತವರ ಮುಖ ನೋಡಿದರೇ ತಿಳಿಯುತ್ತದೆ. ಹಾಗಾಗಿ ಅವರ ಒಪ್ಪಿಗೆ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಡೇರೆಯ ಗೊಡವೆಯಿಲ್ಲದೆ, ಒಂದು ತಿರಪಾಲು ಮತ್ತು ಒಂದು ಹೊರಚೀಲದ ಆಸರೆಯಲ್ಲಿ ಬಯಲಿನಲ್ಲಿ ರಾತ್ರಿ ಕಳೆಯುವುದು ಹೇಗೆ ಎಂಬುದೇ ಆ ವಿಷಯ. ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರಿಗೆ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನಾನು ಮಾಡಿದ ಒಂದು ತಪ್ಪಿನಿಂದ ಶುರುವಾಗುತ್ತದೆ.

2017ರ ಡಿಸೆಂಬರ್‌ನಲ್ಲಿ ಒಂಬತ್ತನೇ ತರಗತಿಯ ಹುಡುಗರನ್ನು ಎರಡು ದಿನದ ಶಿಬಿರಕ್ಕೆ ಮಲೆನಾಡಿನ ಕಡೆ ಕರೆದೊಯ್ಯಬೇಕೆಂದು ಹೊರಟೆ. ನನಗೆ ಅನುಭವವಿರಲಿಲ್ಲ. ಇಂಥ ಶಿಬಿರ ನಡೆಸುವವರೊಬ್ಬರಿಂದ ಸಾಮಾನಿನ ಪಟ್ಟಿ ತರಿಸಿ, ಅದನ್ನೇ ಜೆರಾಕ್ಸ್ ಮಾಡಿಸಿ ಮನೆಮನೆಗೆ ಕಳುಹಿಸಿದೆ. ಇಬ್ಬರು ಮಲಗುವ ಡೇರೆ, ಮಲಗುಚೀಲ, ಅರವತ್ತು ಲೀಟರಿನ ಬೆನ್ನುಚೀಲ, ಟ್ರೆಕ್ಕಿಂಗ್ ಶೂ, ತಲೆಗೆ ಕಟ್ಟುವ ಟಾರ್ಚು. ಎಲ್ಲ ಸೇರಿದರೆ ನಮ್ಮ ಹುಡುಗರ ಎಷ್ಟೋ ಮನೆಗಳ ಒಂದು ತಿಂಗಳ ಖರ್ಚು. ಪಟ್ಟಿ ಕಳುಹಿಸುವಾಗ ನಾನು ಆ ಲೆಕ್ಕ ಹಾಕಲಿಲ್ಲ. ಇಪ್ಪತ್ತೆಂಟು ಹುಡುಗರಲ್ಲಿ ಹೆಸರು ಕೊಟ್ಟವರು ಒಂಬತ್ತು ಮಂದಿ. ಉಳಿದವರಲ್ಲಿ ಒಬ್ಬನ ಅಜ್ಜಿಗೆ ಹುಷಾರಿರಲಿಲ್ಲ, ಇನ್ನೊಬ್ಬನ ಮನೆಯಲ್ಲಿ ಮದುವೆಯಿತ್ತು, ಮತ್ತೊಬ್ಬನಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದಂತೆ. ಶಿಬಿರದ ಮಾತು ಬಂದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದ್ದ ಹುಡುಗನೊಬ್ಬ ನನ್ನ ಬಳಿ ಬಂದು, "ನನಗೆ ಕಾಡು ಇಷ್ಟ ಇಲ್ಲ ಸರ್" ಎಂದ. ನಾನು ಅದನ್ನು ನಂಬಿದೆ. ಒಂಬತ್ತು ಜನರನ್ನು ಕರೆದುಕೊಂಡು ಹೋಗಿ ಬಂದೆ. ಶಾಲೆಯ ಫಲಕದ ಮೇಲೆ ಫೋಟೋ ಕೂಡ ಅಂಟಿಸಿದೆವು.

ಮುಂದಿನ ತಿಂಗಳು ನನ್ನ ಸ್ಕೂಟರಿನ ಸೀಟು ಹರಿದಿತ್ತು. ಹೊಲಿಸಲೆಂದು ಲಾರಿ ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ಹೋದರೆ, ಆ ಹುಡುಗ ದೊಡ್ಡ ತಿರಪಾಲಿನ ಒಂದು ತುದಿ ಹಿಡಿದು ನಿಂತಿದ್ದಾನೆ, ಅವನ ತಂದೆ ಇನ್ನೊಂದು ತುದಿಯನ್ನು ಮೆಷಿನ್ನಿಗೆ ಕೊಟ್ಟು ಹೊಲಿಯುತ್ತಿದ್ದಾರೆ. ಗೋಡೆಗೆ ಸಿಕ್ಕಿಸಿದ ಒಂದು ಹಾಳೆಯಲ್ಲಿ ಲಾರಿಯ ಅಳತೆ ಬರೆದಿತ್ತು. ಗಾಳಿಗೆ ಹಾಳೆ ತಿರುಗಿದಾಗ ನೋಡಿದೆ, ಅದು ನಾನು ಕಳುಹಿಸಿದ ಪಟ್ಟಿಯ ಹಿಂಬದಿ. ಅವರಿಗೂ ಅದು ಕಣ್ಣಿಗೆ ಬಿತ್ತು. "ಮಾಸ್ಟರ್ ಸಾಬ್, ಈ ಡೇರೆ ಅಂದರೆ ಎಷ್ಟು ಉದ್ದ, ಎಷ್ಟು ಅಗಲ? ಎಷ್ಟು ಮಕ್ಕಳು ಮಲಗಬೇಕು?" ಎಂದು ಕೇಳಿದರು. ನಾನು ಹೇಳಿದೆ. "ಇಷ್ಟೇನಾ? ಒಂದು ಮಧ್ಯಾಹ್ನದ ಕೆಲಸ. ಇವನು ಬಾಯೇ ಬಿಡಲಿಲ್ಲ" ಎಂದರು. ಹುಡುಗ ನೆಲ ನೋಡುತ್ತಿದ್ದ. ನನಗೂ ನೆಲ ನೋಡುವುದೇ ಸರಿ ಅನ್ನಿಸಿತು.

ಇಲ್ಲಿ ಭಾಷಾ ಮೇಷ್ಟ್ರ ಒಂದು ಮಾತು. ಉರ್ದುವಿನಲ್ಲಿ ತಿರಪಾಲ್, ನಮ್ಮಲ್ಲಿ ಕೆಲವರಿಗೆ ಟಾರ್ಪಾಲು, ಉತ್ತರ ಕರ್ನಾಟಕದ ಕಡೆ ತಾಡಪತ್ರಿ. ತಾಡಪತ್ರಿ ಎಂದೊಡನೆ ತಾಳೆಗರಿ ನೆನಪಾಗಿ ಅದು ನಮ್ಮ ಹಳೆಯ ಪದವೆಂದು ತೋರುತ್ತದೆ. ಆದರೆ ತಿರಪಾಲು, ಟಾರ್ಪಾಲು ಎರಡೂ ಇಂಗ್ಲಿಷಿನ ಟಾರ್ಪಾಲಿನ್ ಎಂಬ ಒಂದೇ ಪದದ ಮಕ್ಕಳು. ಹಡಗಿನವರು ಬಟ್ಟೆಗೆ ಟಾರು ಬಳಿದು ನೀರು ತಡೆಯುತ್ತಿದ್ದರು, ಹೆಸರಿನ ಮೊದಲ ಭಾಗ ಆ ಟಾರೇ. ಸಮುದ್ರದಿಂದ ಬಂದ ಪದ ನಮ್ಮ ಲಾರಿ ಸ್ಟ್ಯಾಂಡಿನಲ್ಲಿ ಮನೆ ಮಾಡಿಕೊಂಡಿದೆ.

ಈಗ ವಿಷಯಕ್ಕೆ ಬರೋಣ. ಡೇರೆ ಎಂದರೇನು? ನೆಲ, ಗೋಡೆ, ಸೂರು, ಬಾಗಿಲು ಎಲ್ಲವನ್ನೂ ಸೇರಿಸಿ ಹೊಲಿದ ಪುಟ್ಟ ಮನೆ. ಅದರೊಂದಿಗೆ ಕಡ್ಡಿಗಳು ಬೇರೆ. ಇಬ್ಬರು ಮಲಗುವ ಸಾಧಾರಣ ಡೇರೆ ಎರಡೂವರೆಯಿಂದ ಮೂರು ಕಿಲೋ ತೂಗುತ್ತದೆ. ತಿರಪಾಲಿನ ಪದ್ಧತಿಯಲ್ಲಿ ಆ ಮನೆಯನ್ನು ಬಿಡಿಸಿಬಿಡುತ್ತೇವೆ. ಸೂರು ಮಾತ್ರ ಇರುತ್ತದೆ, ಗೋಡೆಯ ಕೆಲಸವನ್ನು ನೀವು ಆರಿಸಿದ ಜಾಗ ಮಾಡಬೇಕು, ಕಡ್ಡಿಯ ಕೆಲಸವನ್ನು ಎರಡು ಮರ ಅಥವಾ ಎರಡು ಊರುಗೋಲು ಮಾಡಬೇಕು. ಅಂಗಡಿಯಲ್ಲಿ ಸಿಗುವ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ತೆಳು ಪ್ಲಾಸ್ಟಿಕ್ ತಿರಪಾಲು ಸುಮಾರು ಒಂದೂಕಾಲು ಕಿಲೋ ಬರುತ್ತದೆ. ಅದರ ಕೆಳಗೆ ಮೂವರು ಹುಡುಗರು ಮಲಗಬಹುದು. ತಲೆಗೆ ನಾನೂರು ಗ್ರಾಂ ಆಯಿತು. ಸಿಲಿಕಾನ್ ಲೇಪಿಸಿದ ನೈಲಾನಿನದಾದರೆ ಸುಮಾರು ಅಷ್ಟೇ ಅಳತೆಯ ಇಡೀ ತಿರಪಾಲೇ ಅರ್ಧ ಕಿಲೋ ಆಸುಪಾಸು. ಅದು ದುಬಾರಿ, ಸದ್ಯಕ್ಕೆ ನಮಗೆ ಬೇಡ.

ಇನ್ನು ಚೀಲ. ಇದಕ್ಕೆ ಬಿವಿ ಬ್ಯಾಗ್ ಎನ್ನುತ್ತಾರೆ. ಡೇರೆಯಿಲ್ಲದೆ ಬಯಲಲ್ಲೇ ತಂಗುವುದಕ್ಕೆ ಫ್ರೆಂಚರು ಹೇಳುವ ಬಿವೊಕ್ ಎಂಬ ಪದದ ಮೊಟಕು ರೂಪ. ಹೊದಿಕೆ ಸಮೇತ ನೀವು ಒಳಗೆ ತೂರಿಕೊಳ್ಳುವ ಒಂದು ತೆಳುವಾದ ಹೊರಚೀಲ. ಅದೇ ಬೆಚ್ಚಗಿಡುವುದಿಲ್ಲ, ಬೆಚ್ಚಗಿಡುವುದು ಒಳಗಿನ ಕಂಬಳಿ ಅಥವಾ ರಜಾಯಿ. ಚೀಲ ಗಾಳಿಯನ್ನು ತಡೆಯುತ್ತದೆ, ಪಕ್ಕದಿಂದ ಸಿಡಿಯುವ ಹನಿಯನ್ನು ತಡೆಯುತ್ತದೆ, ನೆಲದ ತೇವವನ್ನು ತಡೆಯುತ್ತದೆ. ಮೇಲಿನಿಂದ ಬೀಳುವ ಮಳೆಯನ್ನು ತಿರಪಾಲು ನೋಡಿಕೊಳ್ಳುತ್ತದೆ. ಎರಡೂ ಕೆಲಸ ಹಂಚಿಕೊಳ್ಳುವುದರಿಂದ ಎರಡೂ ಹಗುರವಾಗಿರಲು ಸಾಧ್ಯ.

ಹೀಗೆ ಹೇಳಿದರೆ ಇದು ಬಡವರಿಗಾಗಿ ಮಾಡಿಕೊಂಡ ರಾಜಿ ಎಂದು ಯಾರಾದರೂ ತಿಳಿಯಬಹುದು. ಹಾಗಲ್ಲ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಹೆಣ್ಣುಮಗಳಿದ್ದಳು. 1887ರಲ್ಲಿ ಹುಟ್ಟಿದವಳು, ಹನ್ನೊಂದು ಮಕ್ಕಳ ತಾಯಿ, ಹೊಲದ ದುಡಿಮೆಯವಳು, ಗಂಡನ ಹೊಡೆತವನ್ನು ಬಹಳ ವರ್ಷ ಸಹಿಸಿ ಕೊನೆಗೆ ಬಿಡುಗಡೆ ಪಡೆದವಳು. ಅಮೆರಿಕದ ಪೂರ್ವದಲ್ಲಿ ಅಪಲೇಚಿಯನ್ ಬೆಟ್ಟಸಾಲಿನುದ್ದಕ್ಕೂ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಕಾಲುದಾರಿಯಿದೆ. 1954ರಲ್ಲಿ ಆಕೆ ಆ ದಾರಿಯನ್ನು ಉತ್ತರದ ತುದಿಯಿಂದ ಹಿಡಿದು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಹಿಂದಿರುಗಿದಳು. ಮರುವರ್ಷ 1955ರ ಮೇ ತಿಂಗಳಲ್ಲಿ ದಕ್ಷಿಣದ ಜಾರ್ಜಿಯಾದಿಂದ ಮತ್ತೆ ಹೊರಟು ಸೆಪ್ಟೆಂಬರ್ ಕೊನೆಯಲ್ಲಿ ಮೇನ್ ರಾಜ್ಯದ ಕಟಾಡಿನ್ ಶಿಖರದ ಮೇಲೆ ನಿಂತಳು. ಆಗ ಆಕೆಗೆ 67 ವರ್ಷ. ಆ ದಾರಿಯನ್ನು ಒಂದೇ ಋತುವಿನಲ್ಲಿ ಒಬ್ಬಂಟಿಯಾಗಿ ಮುಗಿಸಿದ ಮೊದಲ ಹೆಂಗಸು ಆಕೆಯೇ. ಆಕೆಯ ಬಳಿ ಡೇರೆ ಇರಲಿಲ್ಲ. ಮನೆಯಲ್ಲೇ ಹೊಲಿದ ಒಂದು ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಅದರೊಳಗೆ ಒಂದು ಕಂಬಳಿ, ಒಂದು ಮಳೆಕೋಟು, ಮಳೆ ಬಂದರೆ ಮರೆಗೆಂದು ಬಚ್ಚಲುಮನೆಯ ಒಂದು ಪ್ಲಾಸ್ಟಿಕ್ ಪರದೆ. ಕಾಲಿಗೆ ನಮ್ಮ ಪಿ.ಟಿ. ಶೂನಂಥ ಬಟ್ಟೆ ಬೂಟು. ಎರಡು ವರ್ಷದ ನಂತರ ಆಕೆ ಅದೇ ದಾರಿಯನ್ನು ಮತ್ತೊಮ್ಮೆ ನಡೆದಳು.

1990ರ ದಶಕದಲ್ಲಿ ರೇ ಜಾರ್ಡೀನ್ ಎಂಬ ಬಂಡೆ ಹತ್ತುವ ಸಾಹಸಿ ಇದೇ ದಾರಿಯನ್ನು ಒಂದು ಶಾಸ್ತ್ರವನ್ನಾಗಿ ಬರೆದಿಟ್ಟ. ಆತನೂ ಆತನ ಹೆಂಡತಿ ಜೆನ್ನಿಯೂ ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಸಾವಿರಾರು ಕಿಲೋಮೀಟರ್ ನಡೆದವರು. ಡೇರೆ ಬಿಟ್ಟು ತಿರಪಾಲು ಹಿಡಿಯಿರಿ, ಸಾಮಾನನ್ನು ನೀವೇ ಹೊಲಿದುಕೊಳ್ಳಿ ಎಂದು ಆತ ಸಾರಿದ. ಅಷ್ಟು ದೂರವಾದರೂ ಏಕೆ? ನಮ್ಮ ಕುರಿಗಾಹಿಗಳು ಮಂದೆಯೊಂದಿಗೆ ತಿಂಗಳುಗಟ್ಟಲೆ ಊರೂರು ಸುತ್ತುವಾಗ ಕರಿ ಕಂಬಳಿಯೊಂದನ್ನೇ ನಂಬಿ ಹೊಲದಲ್ಲಿ ಮಲಗುತ್ತಾರೆ. ಮಲೆನಾಡಿನಲ್ಲಿ ಅದೇ ಕಂಬಳಿಯನ್ನು ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿದರೆ ಗದ್ದೆ ಕೆಲಸಕ್ಕೆ ಮಳೆಯಂಗಿ. ಉಣ್ಣೆ ಸ್ವಲ್ಪ ಒದ್ದೆಯಾದರೂ ಶಾಖ ಉಳಿಸಿಕೊಳ್ಳುತ್ತದೆ, ಹತ್ತಿ ಒದ್ದೆಯಾದರೆ ಮೈಯ ಶಾಖವನ್ನೇ ಹೀರುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಆಗ ನನಗೆ ಗೊತ್ತಿರಲಿಲ್ಲ. ಅದನ್ನೇ ಈಗ ಹೇಳುತ್ತೇನೆ.

2018ರ ಅಕ್ಟೋಬರ್ ರಜೆಯಲ್ಲಿ ಎರಡನೇ ಶಿಬಿರ. ಈ ಸಲ ಪಟ್ಟಿಯಲ್ಲಿ ಇದ್ದದ್ದು ಒಂದು ಕಂಬಳಿ ಅಥವಾ ಚಾದರ, ಒಂದು ಜೊತೆ ಹೆಚ್ಚಿನ ಬಟ್ಟೆ, ತಟ್ಟೆ ಲೋಟ, ಅಷ್ಟೇ. ಇಪ್ಪತ್ತೊಂದು ಹುಡುಗರು ಬಂದರು. ಏಳು ತಿರಪಾಲುಗಳನ್ನು ಆ ಹುಡುಗನ ತಂದೆಯೇ ಅಂಚು ಮಡಚಿ ಹೊಲಿದು, ಹಿತ್ತಾಳೆಯ ಕಣ್ಣು ಬಡಿದು, ಕೂಲಿ ಬೇಡವೆಂದು ಕೊಟ್ಟಿದ್ದರು. ಚೀಲಗಳನ್ನು ಮಾತ್ರ ನಾನು ಮಾಡಿಸಿದೆ. ನೀರು ಒಳಗೆ ಬರಬಾರದು ಎಂಬ ಒಂದೇ ಯೋಚನೆಯಲ್ಲಿ ದಪ್ಪ ಪಾಲಿಥೀನ್ ತಂದು, ಮೂರು ಕಡೆ ಅಂಟಿಸಿ, ಆಳುದ್ದದ ಚೀಲ ಮಾಡಿದ್ದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದ್ದೆ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಪರಿಚಿತರೊಬ್ಬರ ಕಾಫಿ ತೋಟದ ಅಂಚಿನಲ್ಲಿ ಒಂದು ಹುಲ್ಲುಬಯಲು. ಸಂಜೆ ಆಕಾಶ ತಿಳಿಯಾಗಿತ್ತು. ಕೆಳಗಿನ ಕಣಿವೆ ಚೆನ್ನಾಗಿ ಕಾಣುತ್ತದೆಂದು ತಿರಪಾಲುಗಳನ್ನು ಎತ್ತರಕ್ಕೆ ಕಟ್ಟಿಸಿ, ತೆರೆದ ಬಾಯಿ ಕಣಿವೆಯತ್ತ ಇರಿಸಿದೆ. ನೋಟಕ್ಕಾಗಿ ಕಟ್ಟಿದೆ, ಗಾಳಿಗಾಗಿ ಕಟ್ಟಲಿಲ್ಲ. ರಾತ್ರಿ ಒಂದು ಗಂಟೆಗೆ ಕಣಿವೆಯ ಕಡೆಯಿಂದಲೇ ಗಾಳಿ ಎದ್ದು ಹಿಂದೆಯೇ ಮಳೆ ಬಂತು. ಮಳೆ ಅಡ್ಡಡ್ಡ ಹೊಡೆಯಿತು. ಎದ್ದು ಓಡಾಡಿ, ಹಗ್ಗ ಇಳಿಸಿ, ಹೇಗೋ ಬಾಯಿ ಮುಚ್ಚಿಸಿ, "ಎಲ್ಲ ಚೀಲದೊಳಗೆ ಹೋಗಿ ಮುಖದವರೆಗೆ ಎಳೆದುಕೊಳ್ಳಿ" ಎಂದೆ. ಹುಡುಗರು ಹೇಳಿದಂತೆ ಮಾಡಿದರು.

ಮೂರು ಗಂಟೆಯ ಹೊತ್ತಿಗೆ ತುದಿಯ ತಿರಪಾಲಿನ ಒಂದು ಹಗ್ಗ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳತೊಡಗಿತು. ಅದರ ಕೆಳಗೆ ಅದೇ ಹುಡುಗ ಮಲಗಿದ್ದ. ಗಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಚಿಕ್ಕಂದಿನಿಂದ ಲಾರಿ ಹಗ್ಗ ಎಳೆದ ಕೈ. ಟಾರ್ಚು ಹಾಕಿ ನೋಡಿದರೆ ಹಗ್ಗ ಹಿಡಿದು ಕುಳಿತಿದ್ದಾನೆ, ಬೆರಳು ಮಾತು ಕೇಳುತ್ತಿಲ್ಲ. "ಏನಾಯಿತೋ?" ಎಂದರೆ ಉತ್ತರ ತೊದಲುತ್ತಿದೆ. ಮೈ ಮುಟ್ಟಿದೆ, ತಣ್ಣಗಿತ್ತು, ಅಂಗಿ ಚಾದರ ಎರಡೂ ತೊಯ್ದು ತೊಟ್ಟಿಕ್ಕುತ್ತಿದ್ದವು. ಮಳೆ ಅವನಿಗೆ ತಾಗಿಯೇ ಇರಲಿಲ್ಲ. ಅವನನ್ನು ತೋಯಿಸಿದ್ದು ನನ್ನ ಚೀಲ.

ಮಿತ್ರರೇ, ಮಲಗಿದ ಮನುಷ್ಯ ರಾತ್ರಿಯಿಡೀ ಉಸಿರಿನಿಂದ, ಚರ್ಮದಿಂದ ಏನಿಲ್ಲವೆಂದರೂ ಒಂದು ಲೋಟ ನೀರನ್ನು ಆವಿಯಾಗಿ ಹೊರಬಿಡುತ್ತಾನೆ. ಮನೆಯಲ್ಲಿ ಅದು ಗಾಳಿಗೆ ಸೇರಿ ಹೋಗುತ್ತದೆ. ಪಾಲಿಥೀನಿನೊಳಗೆ ಅದಕ್ಕೆ ದಾರಿಯಿಲ್ಲ. ತಣ್ಣನೆಯ ಪ್ಲಾಸ್ಟಿಕ್ಕಿಗೆ ತಗುಲಿ ಮತ್ತೆ ನೀರಾಗಿ ಹೊದಿಕೆಗೇ ಇಳಿಯುತ್ತದೆ. ಗಾಬರಿಯಲ್ಲಿ ಓಡಾಡಿ ಬೆವರಿದ ಹುಡುಗನನ್ನು ನಾನೇ ಅದರೊಳಗೆ ಮುಚ್ಚಿದ್ದೆ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಮೈಯ ಶಾಖವನ್ನು ಸಾಗಿಸುತ್ತದೆ. ದೇಹದೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ. ಅದಕ್ಕೆ ಹಿಮ ಬೀಳಬೇಕಾಗಿಲ್ಲ. ಒದ್ದೆ ಬಟ್ಟೆ ಮತ್ತು ಗಾಳಿ ಇದ್ದರೆ ನಮ್ಮ ಮಲೆನಾಡಿನ ಅಕ್ಟೋಬರ್ ಚಳಿಯೇ ಸಾಕು. ಮೊದಲು ನಡುಕ, ಆಮೇಲೆ ಬೆರಳು ತಡವರಿಕೆ, ಮಾತು ತೊದಲು, ಹೆಜ್ಜೆ ತಪ್ಪುವುದು, ಮಂಕು. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿದರೆ ಅದು ಇನ್ನೂ ಕೆಟ್ಟ ಲಕ್ಷಣ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ಮಾತನ್ನು ಹಿಂದಿನ ಸಾಲಿನವರೂ ದಯವಿಟ್ಟು ಕೇಳಿಸಿಕೊಳ್ಳಿ.

ಅವನಿನ್ನೂ ನಡುಗುತ್ತಿದ್ದ, ಅದೇ ಅದೃಷ್ಟ. ತೋಟದ ಗೋದಾಮಿನ ಬಾಗಿಲು ತೆಗೆಸಿ ಒಳಗೆ ಒಯ್ದೆವು. ಒದ್ದೆ ಬಟ್ಟೆ ಪೂರ್ತಿ ತೆಗೆದು ಒಣಬಟ್ಟೆ ಹಾಕಿ, ತೋಟದ ಕಾವಲುಗಾರ ಕೊಟ್ಟ ಕರಿ ಕಂಬಳಿ ಸುತ್ತಿ, ಇಬ್ಬರು ಹುಡುಗರ ನಡುವೆ ಮಲಗಿಸಿದೆವು. ಕೆಳಗೆ ಖಾಲಿ ಗೋಣಿಚೀಲಗಳನ್ನು ಹಾಸಿದೆವು. ಮಾತು ಸರಿಯಾಗಿ ಬರತೊಡಗಿದ ಮೇಲೆ ಬೆಲ್ಲ ಹಾಕಿದ ಬಿಸಿ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಕೈಕಾಲು ಜೋರಾಗಿ ತಿಕ್ಕಬೇಡಿ ಎಂದು ಕಾವಲುಗಾರನೇ ತಡೆದ, ಅದು ಸರಿ ಎಂದು ಆಮೇಲೆ ಓದಿ ತಿಳಿದೆ. ಫಜ್ರ್ ಹೊತ್ತಿಗೆ ಹುಡುಗ ಸುಧಾರಿಸಿಕೊಂಡಿದ್ದ. "ಇಷ್ಟು ಹೊತ್ತು ಯಾಕೋ ಕೂಗಲಿಲ್ಲ?" ಎಂದು ಕೇಳಿದೆ. "ಅಬ್ಬಾ ಹೊಲಿದ ತಿರಪಾಲು ಸೋರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ ಅಂತ ಸರ್" ಎಂದ.

ಊರಿಗೆ ಬಂದ ದಿನವೇ ಅವರ ಅಂಗಡಿಗೆ ಹೋದೆ. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಚೀಲ ತರಿಸಿ ನೋಡಿದರು. ಕೈ ಒಳಗೆ ಹಾಕಿ ಹೊರಗೆ ತೆಗೆದರು. "ಮಾಸ್ಟರ್ ಸಾಬ್, ಈರುಳ್ಳಿ ಲೋಡಿಗೆ ನಾವು ತಿರಪಾಲು ಬಿಗಿದು ಕಟ್ಟಲ್ಲ. ಪಕ್ಕ ಬಿಡುತ್ತೇವೆ. ಉಸಿರಾಡದಿದ್ದರೆ ಈರುಳ್ಳಿಯೇ ಕೊಳೆಯುತ್ತದೆ, ಇದರಲ್ಲಿ ಮಕ್ಕಳನ್ನು ಮಲಗಿಸಿದಿರಾ?" ಎಂದರು. ಅಷ್ಟೇ. ಬಿ.ಇಡಿ. ಮಾಡಿದ ನನಗೆ ಆ ವಾಕ್ಯಕ್ಕೆ ಉತ್ತರವಿರಲಿಲ್ಲ.

ಆ ಮೇಲಿನ ಚೀಲಗಳನ್ನು ಅವರೇ ಹೊಲಿದರು. ಅಡಿಭಾಗ ಮಾತ್ರ ನೀರು ತಡೆಯುವ ಲೇಪಿತ ಬಟ್ಟೆ, ಮೇಲ್ಭಾಗ ಒತ್ತಾಗಿ ನೆಯ್ದ, ಲೇಪವಿಲ್ಲದ ತೆಳು ನೈಲಾನ್. ಅದು ಗಾಳಿ ತಡೆಯುತ್ತದೆ, ಸಿಡಿಹನಿ ತಡೆಯುತ್ತದೆ, ಆವಿಯನ್ನು ಹೊರಗೆ ಬಿಡುತ್ತದೆ. ಹೊರದೇಶಗಳಲ್ಲಿ ಗೋರ್‌ಟೆಕ್ಸ್‌ನಂಥ ಬಟ್ಟೆಯಿಂದ ಪೂರ್ತಿ ಮಳೆ ತಡೆಯುವ, ಆದರೂ ಉಸಿರಾಡುವ ಚೀಲಗಳನ್ನು ಮಾಡುತ್ತಾರೆ. ಮೇಲೆ ಸೂರು ಇರುವಾಗ ಅಷ್ಟು ಬೇಡ. ಇವು ಬಂದ ಮೇಲೂ ಮುಖವನ್ನು ಚೀಲದೊಳಗೆ ಹಾಕಬೇಡಿ, ಉಸಿರು ಹೊರಗೆ ಹೋಗಲಿ. ಬೆಳಿಗ್ಗೆ ಎದ್ದೊಡನೆ ಚೀಲವನ್ನು ಒಳಹೊರಗು ಮಾಡಿ ಬಿಸಿಲಿಗೆ ಹಾಕಿ.

ತಿರಪಾಲು ಕಟ್ಟುವುದನ್ನೂ ಅವರಿಂದಲೇ ಕಲಿತೆವು. ಲಾರಿಯ ಮೇಲೆ ಎರಡು ತಿರಪಾಲು ಹಾಸುವಾಗ ಮುಂದಿನದರ ಅಂಚು ಹಿಂದಿನದರ ಮೇಲೆ ಬರುವಂತೆ ಹಾಕುತ್ತಾರೆ, ಎದುರುಗಾಳಿ ಸಂದಿಗೆ ನುಗ್ಗಬಾರದು. ನಮಗೂ ಅದೇ ನಿಯಮ. ಗಾಳಿ ಬರುವ ಕಡೆಯ ಅಂಚು ನೆಲಕ್ಕೆ ತಾಗುವಷ್ಟು ತಗ್ಗಿರಬೇಕು, ಬಾಯಿ ಅದರ ವಿರುದ್ಧ ದಿಕ್ಕಿಗಿರಬೇಕು. ಸಂಜೆ ಗಾಳಿ ಇಲ್ಲದಿದ್ದರೂ ರಾತ್ರಿ ಎದ್ದೀತು ಎಂದುಕೊಂಡೇ ಕಟ್ಟಿ. ಎಲ್ಲಿಯೂ ಹೊಟ್ಟೆ ಬಿಡಬಾರದು. ಹೊಟ್ಟೆ ಬಿಟ್ಟ ಕಡೆ ನೀರು ನಿಲ್ಲುತ್ತದೆ, ನಿಂತ ನೀರು ಭಾರವಾಗಿ ಕಣ್ಣು ಹರಿಯುತ್ತದೆ. ಕಣ್ಣು ಹರಿದರೆ ಒಂದು ಗುಂಡು ಕಲ್ಲನ್ನು ತಿರಪಾಲಿನ ಮೂಲೆಯಲ್ಲಿಟ್ಟು, ಬಟ್ಟೆಯ ಸಮೇತ ಅದರ ಕುತ್ತಿಗೆಗೆ ಹಗ್ಗ ಬಿಗಿದರಾಯಿತು. ಗೂಟಗಳ ತಲೆ ಸೂರಿನಿಂದ ಹೊರಕ್ಕೆ ವಾಲಿರಬೇಕು. ನೈಲಾನ್ ಬಟ್ಟೆಯಾದರೆ ಒದ್ದೆಯಾದಾಗ ಜೋಲುತ್ತದೆ, ಮಲಗುವ ಮುಂಚೆ ಒಮ್ಮೆ ಹಗ್ಗ ಬಿಗಿ ಮಾಡಿ. ನಡುಹಗ್ಗವನ್ನು ಮರಕ್ಕೆ ಕಟ್ಟಿದಾಗ ಮರದ ಮೇಲೆ ಇಳಿಯುವ ಮಳೆನೀರು ಹಗ್ಗದ ಗುಂಟ ಒಳಗೆ ಬರುತ್ತದೆ. ತಿರಪಾಲಿಗೆ ಒಂದು ಗೇಣು ಮುಂಚೆ ಹಗ್ಗಕ್ಕೆ ಚಿಂದಿಬಟ್ಟೆಯೊಂದನ್ನು ಕಟ್ಟಿ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇದನ್ನು ನೋಡಿದಾಗ ನನಗಾದ ಸಂತೋಷ ವ್ಯಾಕರಣದ ಯಾವ ಸೂತ್ರದಿಂದಲೂ ಆಗಿಲ್ಲ.

ಜಾಗ ಆರಿಸುವುದು ಮುಖ್ಯ. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ತಣ್ಣನೆಯ ಗಾಳಿಯೂ ಅಲ್ಲೇ ಇಳಿದು ಕೂರುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಗಾಳಿ ಬಿಡುವುದಿಲ್ಲ. ಹಳ್ಳದ ದಂಡೆ ಬೇಡವೇ ಬೇಡ, ಘಟ್ಟದ ಮೇಲೆ ಎಲ್ಲೋ ಬಿದ್ದ ಮಳೆಗೆ ಇಲ್ಲಿಯ ಹಳ್ಳ ಉಕ್ಕುತ್ತದೆ. ತಲೆಯ ಮೇಲೆ ಒಣಗಿದ ಕೊಂಬೆ ಇದೆಯೇ ನೋಡಿ. ಗುಡುಗಿನ ಕಾಲದಲ್ಲಿ ಒಂಟಿ ಮರ ಬೇಡ. ಮೈಕೆಳಗೆ ಒಣಹುಲ್ಲು, ರಟ್ಟು, ಗೋಣಿ ಏನಾದರೂ ಹಾಸಿ, ಮೇಲಿನ ಹೊದಿಕೆಯಷ್ಟೇ ಕೆಳಗಿನದೂ ಮುಖ್ಯ. ನಮ್ಮ ಹುಡುಗರು ಹಳೆಯ ಫ್ಲೆಕ್ಸ್ ಬ್ಯಾನರುಗಳನ್ನು ನೆಲಹಾಸು ಮಾಡಿಕೊಂಡಿದ್ದಾರೆ. ನಾಯಕರುಗಳ ಮುಖ ಕೆಳಗಿರಬೇಕೋ ಮೇಲಿರಬೇಕೋ ಎಂದು ಪ್ರತಿ ಸಲ ಚರ್ಚೆ ನಡೆಯುತ್ತದೆ, ನಾನು ತಲೆ ಹಾಕುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಟ್ಟುನಿಟ್ಟಿನ ಮಾತು. ತಿರಪಾಲಿನ ಪುಸ್ತಕಗಳನ್ನು ಬರೆದವರು ಹೆಚ್ಚಾಗಿ ಚಳಿದೇಶದವರು. ನಮ್ಮ ನೆಲದಲ್ಲಿ ಹಾವಿದೆ. ಅದರಲ್ಲೂ ಕಟ್ಟುಹಾವು ರಾತ್ರಿ ಸಂಚರಿಸುವುದು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು, ಕಚ್ಚಿದ್ದು ಎಷ್ಟೋ ಸಲ ನೋವೇ ಆಗುವುದಿಲ್ಲ. ತಿರಪಾಲಿಗೆ ಗೋಡೆಯಿಲ್ಲ. ಆದ್ದರಿಂದ ಸೊಳ್ಳೆಪರದೆಯನ್ನು ಸೂರಿನಿಂದ ಇಳಿಬಿಟ್ಟು ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸದೆ ನಾನು ಯಾರನ್ನೂ ಮಲಗಲು ಬಿಡುವುದಿಲ್ಲ. ತೂಕ ಹೆಚ್ಚಾಗುತ್ತದೆ, ಆಗಲಿ. ಯಾರಿಗಾದರೂ ಹಾವು ಕಚ್ಚಿದರೆ, ಕಚ್ಚಿದ ಅನುಮಾನ ಬಂದರೂ, ಹಗ್ಗ ಬಿಗಿಯುವುದು, ಕೊಯ್ಯುವುದು ಬೇಡ, ನೇರ ಆಸ್ಪತ್ರೆಗೆ. ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆಹುಳುವಿನಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗಿನ ಒಣದಿನಗಳೇ ಅದರ ಕಾಲ, ಅಂದರೆ ಶಿಬಿರಕ್ಕೆ ಹಿತವೆಂದು ತೋರುವ ದಿನಗಳು. ಆ ತಿಂಗಳುಗಳಲ್ಲಿ ಕಾಯಿಲೆಯ ಸುದ್ದಿಯಿರುವ ಮಲೆನಾಡಿನ ಕಾಡಂಚಿನಲ್ಲಿ ನೆಲದ ಮೇಲೆ ಮಲಗಬೇಡಿ. 2017ರ ಡಿಸೆಂಬರ್‌ನಲ್ಲಿ ನಾನು ಅದನ್ನೇ ಮಾಡಿದ್ದೆ ಎಂಬುದು ಈಗ ನೆನೆದರೂ ಎದೆ ಝಲ್ಲೆನ್ನುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿಗೆ ಕಾಲಿಡಬೇಡಿ. ವನ್ಯಧಾಮದೊಳಗೆ ಅನುಮತಿಯಿಲ್ಲದ ಪ್ರವೇಶ 1972ರ ಕಾಯ್ದೆಯ ಪ್ರಕಾರ ಅಪರಾಧ, ಆನೆಗೆ ಆ ಕಾಯ್ದೆಯೂ ಬೇಕಿಲ್ಲ. ನಾವು ಈಗ ಹೋಗುವುದು ಪರಿಚಯದವರ ಹೊಲ, ತೋಟಗಳಿಗೆ ಮಾತ್ರ.

ಹೆಣ್ಣುಮಕ್ಕಳ ವಿಷಯ ಕೇಳುತ್ತೀರಿ ಎಂದು ಗೊತ್ತು, ಮುಂದಿನ ಸಾಲಿನಿಂದ ಚೀಟಿ ಕೂಡ ಬಂದಿದೆ. ಅವರ ಶಿಬಿರವನ್ನು ನಮ್ಮ ಸಹೋದ್ಯೋಗಿ ಶಿಕ್ಷಕಿಯರು ಶಾಲೆಯ ಮೈದಾನದಲ್ಲೇ ನಡೆಸುತ್ತಾರೆ. ಮೊದಲ ವರ್ಷ ತಾಯಂದಿರು "ನಾವೂ ಇರುತ್ತೇವೆ" ಎಂದರು, ಇರಲಿ ಎಂದೆವು. ರಾತ್ರಿ ಹನ್ನೊಂದಕ್ಕೆ ಇಬ್ಬರು ತಾಯಂದಿರು ತಿರಪಾಲು ಹೇಗೆ ಕಟ್ಟಬೇಕೆಂದು ಮಕ್ಕಳಿಗೇ ಹೇಳಿಕೊಡುತ್ತಿದ್ದರಂತೆ. ಅವರ ಮನೆಯ ಮುಂದಿನ ಸೂರನ್ನು ಮಳೆಗಾಲಕ್ಕೆ ಕಟ್ಟುವವರು ಅವರೇ. ಮೈದಾನ ಸಾಲದು, ನಮ್ಮನ್ನೂ ತೋಟಕ್ಕೆ ಕರೆದೊಯ್ಯಿರಿ ಎಂದು ಹುಡುಗಿಯರು ಬರೆದ ಅರ್ಜಿ ಈಗ ಆಡಳಿತ ಮಂಡಳಿಯ ಮುಂದಿದೆ. ಮಂಡಳಿಯ ಹಿರಿಯರು ಇದೇ ವೇದಿಕೆಯ ಮೇಲೆ ಕುಳಿತಿದ್ದಾರೆ. ಗೇಟ್‌ವುಡ್ ಅಜ್ಜಿಯ ಕಥೆಯನ್ನು ನಾನು ಸುಮ್ಮನೆ ಹೇಳಲಿಲ್ಲ ಎಂಬುದು ಅವರಿಗೆ ಅರ್ಥವಾಗಿರುತ್ತದೆ.

ಏಳು ತಿರಪಾಲು, ಇಪ್ಪತ್ತೆರಡು ಚೀಲ, ಸೊಳ್ಳೆಪರದೆಗಳು ಶಾಲೆಯ ಸಾಮಾನು ಕೋಣೆಯ ಬಲಗಡೆಯ ಕಪಾಟಿನಲ್ಲಿವೆ. ಬೀಗದ ಕೈ ಆಫೀಸಿನಲ್ಲಿದೆ. ಯಾವ ವಿದ್ಯಾರ್ಥಿಯೂ ಹೆಸರು ಬರೆದು ಒಯ್ಯಬಹುದು, ಬಾಡಿಗೆಯಿಲ್ಲ. ಮೊದಲ ಸಲವಾದರೆ ಮನೆಯ ಅಂಗಳದಲ್ಲೋ ತಾರಸಿಯಲ್ಲೋ ಒಂದು ರಾತ್ರಿ ಮಲಗಿ ನೋಡಿ. ಮೂರನೇ ನಂಬರಿನ ತಿರಪಾಲಿನ ಒಂದು ಮೂಲೆಯಲ್ಲಿ ಕಣ್ಣು ಹರಿದಿದೆ, ಅಲ್ಲಿಗೆ ಕಲ್ಲು ಕಟ್ಟಿಕೊಳ್ಳಿ. ಹಿಂದಿರುಗಿಸುವಾಗ ಚೆನ್ನಾಗಿ ಒಣಗಿಸಿ ಮಡಚಿ, ಒದ್ದೆ ಮಡಚಿದರೆ ಬೂಷ್ಟು ಹಿಡಿಯುತ್ತದೆ.